ಹಿಡಿದ ಜೀವಿಗೆ ಬೆಲೆ ಕಟ್ಟುವುದು ಹೇಗೆ?

2001ರ ಫೆಬ್ರುವರಿ 28ರಂದು ಕೋಲಾರ ಚಿನ್ನದ ಗಣಿ ಮುಚ್ಚಿದಾಗ ನೆಲದೊಳಗೆ ಇನ್ನೂ ಚಿನ್ನ ಉಳಿದಿತ್ತು. ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಕೆಲಸ ಶುರುಮಾಡಿದಾಗ ಒಂದು ಟನ್ ಅದಿರಿನಲ್ಲಿ ನಲವತ್ತು ಗ್ರಾಂಗೂ ಮೀರಿ ಸಿಗುತ್ತಿದ್ದ ಚಿನ್ನ, ಕೊನೆಗಾಲಕ್ಕೆ ಮೂರು ಗ್ರಾಂ ಆಸುಪಾಸಿಗೆ ಇಳಿದಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಅಷ್ಟು ಕೆಳಗಿನಿಂದ ಕಲ್ಲನ್ನು ಮೇಲೆತ್ತಿ, ಪುಡಿ ಮಾಡಿ, ಚಿನ್ನ ಬಿಡಿಸುವ ಖರ್ಚು ಆ ಚಿನ್ನವನ್ನು ಮಾರಿದರೆ ಬರುವ ಹಣಕ್ಕಿಂತ ಹೆಚ್ಚಾಯಿತು. ಒಂದು ವಸ್ತು ಇದೆ ಎನ್ನುವುದಕ್ಕೂ ಅದಕ್ಕೆ ಬೆಲೆ ಇದೆ ಎನ್ನುವುದಕ್ಕೂ ನಡುವಿನ ಅಂತರ ಎಷ್ಟೆಂದು ಗಣಿಯ ಸುತ್ತಲಿನ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಮಾರಿಕುಪ್ಪಂನ ಮನೆಗಳಿಗೆ ಗೊತ್ತಾದದ್ದು ಹೀಗೆ.

ಗಣಿ ಮುಚ್ಚಿದ ಮೇಲೆ ಆ ಮನೆಗಳವರು ಕೆಲಸಕ್ಕಾಗಿ ಬೆಂಗಳೂರಿನ ಟ್ರೇನು ಹತ್ತಿದರು. ಮಾರಿಕುಪ್ಪಂನಲ್ಲಿ ಹೊರಟು ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗಕ್ಕೆ ಸೇರಿ ರಾಜಧಾನಿಗೆ ಹೋಗುವ ಆ ಗಾಡಿಯಲ್ಲಿ ದಿನವೂ ಗಂಟೆಗಟ್ಟಲೆ ಕೂತಿರುವವರ ಕೈಯಲ್ಲೆಲ್ಲ ಈಗ ಫೋನು. ಫೋನಿನೊಳಗೆ ಜೀವಿಗಳನ್ನು ಹಿಡಿದು ಕೂಡಿಸುವ ಆಟಗಳೂ ಇವೆ: ಪೋಕೆಮಾನ್ ಗೋ, ರೋಬ್ಲಾಕ್ಸ್‌ನ ಅಡಾಪ್ಟ್ ಮಿ, ಇನ್ನೂ ಹಲವು. ಇವುಗಳಲ್ಲಿ ಆಟದಷ್ಟೇ ವ್ಯಾಪಾರವೂ ನಡೆಯುತ್ತದೆ. ನಿನ್ನದನ್ನು ಕೊಟ್ಟರೆ ನನ್ನದನ್ನು ಕೊಡುತ್ತೇನೆ ಎನ್ನುವಾಗ ಎರಡರ ಬೆಲೆಯೂ ಸಮವೇ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಸಿಗುವ ಉತ್ತರಗಳಲ್ಲಿ ಬಹುಪಾಲು ಅರೆಬರೆ. ಮಕ್ಕಳು ಮೋಸ ಹೋಗುವುದೂ ಅಲ್ಲೇ. ಆದ್ದರಿಂದ ಇದನ್ನು ಮಕ್ಕಳಾಟವೆಂದು ತಳ್ಳಿಹಾಕದೆ ಒಮ್ಮೆ ಪೂರ್ತಿಯಾಗಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ವಿನಿಮಯ ಈ ಆಟಗಳ ಹುಟ್ಟಿನಲ್ಲೇ ಇದೆ. 1996ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಪೋಕೆಮಾನ್ ಮೊದಲು ಹೊರಬಂದಾಗ ಕೆಂಪು, ಹಸಿರು ಎಂದು ಎರಡು ಆವೃತ್ತಿಗಳಿದ್ದವು. ಒಂದರಲ್ಲಿ ಸಿಗುವ ಕೆಲವು ಜೀವಿಗಳು ಇನ್ನೊಂದರಲ್ಲಿ ಸಿಗುತ್ತಿರಲಿಲ್ಲ. ಎರಡು ಗೇಮ್ ಬಾಯ್‌ಗಳನ್ನು ಕೇಬಲ್ಲಿನಿಂದ ಜೋಡಿಸಿ ಕೊಟ್ಟು ತೆಗೆದುಕೊಳ್ಳದೆ ಸಂಗ್ರಹ ಪೂರ್ತಿಯಾಗುತ್ತಿರಲಿಲ್ಲ. ಆಟವನ್ನು ರೂಪಿಸಿದ ಸತೋಶಿ ತಾಜಿರಿ ಬಾಲ್ಯದಲ್ಲಿ ಹುಳು ಹಿಡಿದು ಕೂಡಿಡುತ್ತಿದ್ದವರು. ಕಡಾಬ್ರಾ, ಮಚೋಕ್, ಹಾಂಟರ್ ಥರದ ಕೆಲವು ಜೀವಿಗಳಂತೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದಾಗ ಮಾತ್ರ ಮುಂದಿನ ರೂಪ ಪಡೆಯುತ್ತಿದ್ದವು. ಅಂದರೆ ಕೈ ಬದಲಾಗುವುದರಿಂದಲೇ ಅವುಗಳ ಬೆಲೆ ಏರುತ್ತಿತ್ತು.

ಬೆಲೆ ಕಟ್ಟಲು ಹೊರಟವರು ಮೊದಲು ಹಿಡಿಯುವುದು ಅಪರೂಪವನ್ನು. ಪೋಕೆಮಾನ್‌ನಲ್ಲಿ ಬೇರೆ ಬಣ್ಣ ಹೊತ್ತು ಬರುವ ಜೀವಿಗೆ ಶೈನಿ ಎನ್ನುತ್ತಾರೆ. ಮೂಲ ಆಟಗಳಲ್ಲಿ ಅದು ಎದುರಾಗುವ ಸಂಭವ ಮೊದಲು 8,192ಕ್ಕೆ ಒಂದಿತ್ತು. 2013ರ ಎಕ್ಸ್ ಮತ್ತು ವೈ ಆವೃತ್ತಿಗಳಿಂದ 4,096ಕ್ಕೆ ಒಂದಾಯಿತು. ಬೇರೆ ಬೇರೆ ಭಾಷೆಯ ಆವೃತ್ತಿಗಳಲ್ಲಿ ಹಿಡಿದ ಎರಡು ಜೀವಿಗಳಿಂದ ಮರಿ ಮಾಡಿಸಿದರೆ ಅದು ಸುಮಾರು 683ಕ್ಕೆ ಒಂದಕ್ಕೆ ಬರುತ್ತದೆ. ಹಾಗಾಗಿ ಬಹುತೇಕ ಎಲ್ಲದರೊಂದಿಗೂ ಜೋಡಿಯಾಗಬಲ್ಲ ಡಿಟ್ಟೋ ಎಂಬ ಜೀವಿ ಪರಭಾಷೆಯದಾದರೆ ಅದಕ್ಕೆ ಎಲ್ಲಿಲ್ಲದ ಬೇಡಿಕೆ. ಜಪಾನೀ ಆಟಗಾರನಿಗೆ ತನ್ನ ಡಿಟ್ಟೋ ಸಾಮಾನ್ಯದ್ದು, ಇಂಗ್ಲಿಷಿನಲ್ಲಿ ಆಡುವವನ ಡಿಟ್ಟೋ ಬೇಕು. ಇವನಿಗೆ ಅವನದು ಬೇಕು. ಇಬ್ಬರೂ ಲಾಭದಲ್ಲೇ ಏಳುತ್ತಾರೆ. ಅಪರೂಪದ ಸಂಖ್ಯೆಯನ್ನಷ್ಟೇ ಹಿಡಿದು ಕೂತವರಿಗೆ ಈ ಲಾಭ ಎಲ್ಲಿಂದ ಬಂತೆಂದು ಹೇಳಲಾಗದು.

ಪೋಕೆಮಾನ್ ಗೋ ಆಟದಲ್ಲಿ ಈ ಸಂಭವಗಳನ್ನು ಕಂಪನಿ ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಸಾವಿರಾರು ಆಟಗಾರರು ಹಿಡಿದ ಲೆಕ್ಕ ಕೂಡಿಸಿ, ಸಾಮಾನ್ಯ ದಿನಗಳಲ್ಲಿ ಹೆಚ್ಚುಕಡಿಮೆ 500ಕ್ಕೆ ಒಂದು, ಕಮ್ಯುನಿಟಿ ಡೇ ಎಂಬ ವಿಶೇಷ ದಿನಗಳಲ್ಲಿ ಸುಮಾರು 25ಕ್ಕೆ ಒಂದು ಎಂದು ಕಂಡುಕೊಂಡಿದ್ದಾರೆ. ಸಿಲ್ಫ್ ರೋಡ್ ಎಂಬ ಸ್ವಯಂಸೇವಕ ಬಳಗ 2023ರಲ್ಲಿ ಮುಚ್ಚುವವರೆಗೂ ಈ ಕೆಲಸವನ್ನು ನಿಷ್ಠೆಯಿಂದ ಮಾಡಿತು. ಗಣಿಯ ಅಸ್ಸೇ ಕೋಣೆಯಲ್ಲಿ ನಡೆಯುತ್ತಿದ್ದದ್ದೂ ಇದೇ ಬಗೆಯ ಕೆಲಸ: ಬಂಡೆಯ ಉದ್ದಕ್ಕೂ ಅಲ್ಲಲ್ಲಿ ಮಾದರಿ ಕೆತ್ತಿ ತಂದು, ಪುಡಿ ಮಾಡಿ, ಸೀಸದೊಂದಿಗೆ ಕರಗಿಸಿ, ಕೊನೆಗೆ ಉಳಿಯುವ ಕಾಳನ್ನು ತೂಗಿ, ಇಡೀ ಪದರದಲ್ಲಿ ಎಷ್ಟಿರಬಹುದೆಂದು ಊಹಿಸುವುದು. ಎರಡು ಕಡೆಯೂ ಒಂದೇ ಎಚ್ಚರ ಬೇಕು. 500ಕ್ಕೆ ಒಂದು ಎಂದರೆ 500 ಹಿಡಿದವರಿಗೆಲ್ಲ ಒಂದು ಸಿಕ್ಕೇ ಸಿಗುತ್ತದೆಂದಲ್ಲ. ಲೆಕ್ಕ ಹಾಕಿದರೆ ಅವರಲ್ಲಿ ನೂರಕ್ಕೆ 37 ಮಂದಿ ಬರಿಗೈಯಲ್ಲೇ ಉಳಿಯುತ್ತಾರೆ. ‘ಇಷ್ಟು ಕಷ್ಟಪಟ್ಟು ಹಿಡಿದಿದ್ದೇನೆ, ಇಷ್ಟು ಬೆಲೆ ಬರಲೇಬೇಕು’ ಎಂಬ ಹಟ ಇಲ್ಲಿ ನಿಲ್ಲುವುದಿಲ್ಲ. ಒಬ್ಬನಿಗೆ ಮೂರನೆಯದರಲ್ಲೇ ಸಿಕ್ಕ ಶೈನಿ, ಇನ್ನೊಬ್ಬನಿಗೆ ಎರಡು ಸಾವಿರದ ಮೇಲೆ ಸಿಕ್ಕ ಶೈನಿ, ಎರಡಕ್ಕೂ ಕೊಳ್ಳುವವನ ಕಣ್ಣಲ್ಲಿ ಒಂದೇ ಬೆಲೆ.

ಬಣ್ಣ ಹೊರಗೆ ಕಾಣುತ್ತದೆ. ಕಾಣದ ಗುಣ ಒಳಗಿದೆ. ಗೋ ಆಟದ ಪ್ರತಿ ಜೀವಿಗೂ ದಾಳಿ, ರಕ್ಷಣೆ, ಆಯುಸ್ಸು ಎಂಬ ಮೂರು ಒಳಗುಣಗಳು ಹುಟ್ಟಿನಿಂದಲೇ ಬರುತ್ತವೆ. ಪ್ರತಿಯೊಂದಕ್ಕೂ 0ಯಿಂದ 15ರವರೆಗೆ ಅಂಕ. ಆಟಗಾರರು ಇದನ್ನು ಐವಿ ಎನ್ನುತ್ತಾರೆ, ಮೂರರಲ್ಲೂ 15 ಬಂದದ್ದನ್ನು ಹಂಡೋ ಎನ್ನುತ್ತಾರೆ. ಕಾಡಿನಲ್ಲಿ ಸಿಗುವ ಜೀವಿ ಹಂಡೋ ಆಗಿರುವ ಸಂಭವ 4,096ಕ್ಕೆ ಒಂದು. ಮೂಲ ಆಟಗಳಲ್ಲಿ ಗುಣಗಳು ಆರು, ಅಂಕ 0ಯಿಂದ 31. ಎಲ್ಲವೂ ಪೂರ್ಣವಾಗಿ ತಾನಾಗಿ ಬರುವ ಸಂಭವ ನೂರು ಕೋಟಿಗೂ ಮೀರಿದ್ದರಲ್ಲಿ ಒಂದು.

ಜೀವಿಗೆ ಬೆಲೆ ಕಟ್ಟುವ ವಿದ್ಯೆ ಕೋಲಾರ ಸೀಮೆಗೆ ಹೊಸದಲ್ಲ. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಶಿವರಾತ್ರಿಯ ಹೊತ್ತಿಗೆ ಸೇರುವ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳನ್ನು ನೋಡುವ ಕಣ್ಣುಗಳು ಇದನ್ನು ತಲೆಮಾರುಗಳಿಂದ ಮಾಡುತ್ತ ಬಂದಿವೆ. ಬಾಯಿ ಬಿಡಿಸಿ ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ ಎಂದು ವಯಸ್ಸು ಹಿಡಿಯುತ್ತಾರೆ. ಮೈಮೇಲಿನ ಸುಳಿ ನೋಡಿ ಶುಭ ಅಶುಭ ಹೇಳುತ್ತಾರೆ. ಕೊಂಬು, ಗೊರಸು, ನಡಿಗೆ ನೋಡುತ್ತಾರೆ. ನೊಗ ಹೊತ್ತಾಗ ಎಷ್ಟು ಎಳೆಯುತ್ತದೆ ಎನ್ನುವುದು ಮಾತ್ರ ಹೊಲಕ್ಕೆ ಹೋದ ಮೇಲೇ ತಿಳಿಯಬೇಕು. ಅದಕ್ಕಿಂತ ಮುಖ್ಯವಾದ ಸಂಗತಿ ಜೋಡಿಯದು. ಬಣ್ಣ, ಎತ್ತರ, ಕೊಂಬು, ನಡಿಗೆ ಎಲ್ಲ ಹೊಂದುವ ಎರಡು ಹೋರಿಗಳ ಬೆಲೆ, ಅವನ್ನು ಬಿಡಿಬಿಡಿಯಾಗಿ ಮಾರಿದಾಗ ಬರುವ ಹಣದ ಮೊತ್ತಕ್ಕಿಂತ ಹೆಚ್ಚು. ಮನೆಯಲ್ಲಿ ಒಂಟಿ ಹೋರಿ ಇರುವವನು ಅದಕ್ಕೆ ಜೊತೆಯಾಗುವುದನ್ನು ಕಂಡರೆ ಬೇರೆಯವರಿಗಿಂತ ಹೆಚ್ಚು ಕೊಡಲು ಸಿದ್ಧನಿರುತ್ತಾನೆ. ಹಾಗೆಂದೇ ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಮಾತಾಡುತ್ತಾರೆ. ಆ ದರ ಆ ಇಬ್ಬರಿಗೆ ಮಾತ್ರ ಸಂಬಂಧಿಸಿದ್ದು. ಪಕ್ಕದವನ ವ್ಯಾಪಾರಕ್ಕೆ ಅದು ಅಳತೆಗೋಲಾಗಬೇಕಿಲ್ಲ.

ಇದನ್ನು ಅಡಾಪ್ಟ್ ಮಿ ಆಟಕ್ಕೆ ಹಚ್ಚಿ ನೋಡಬಹುದು. ಅಲ್ಲಿ ಒಂದೇ ಜಾತಿಯ ಪೂರ್ತಿ ಬೆಳೆದ ನಾಲ್ಕು ಮುದ್ದುಪ್ರಾಣಿಗಳನ್ನು ಸೇರಿಸಿದರೆ ಹೊಳೆಯುವ ನಿಯಾನ್ ಒಂದು, ಅಂಥ ನಾಲ್ಕು ನಿಯಾನ್ ಸೇರಿಸಿದರೆ ಮೆಗಾ ನಿಯಾನ್ ಒಂದು. ಮೂರು ಕೂಡಿಸಿಟ್ಟವನಿಗೆ ನಾಲ್ಕನೆಯದು ಎಷ್ಟು ಮುಖ್ಯವೋ, ಒಂದೂ ಇಲ್ಲದವನಿಗೆ ಅದು ಅಷ್ಟು ಮುಖ್ಯವಲ್ಲ. ಪ್ರತಿ ಪ್ರಾಣಿಗೂ ಒಂದೊಂದು ಅಂಕ ಕೊಟ್ಟು ಮಕ್ಕಳ ನಡುವೆ ಓಡಾಡುವ ಬೆಲೆಪಟ್ಟಿಗಳು ಈ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪಟ್ಟಿಗಳು ಪೂರ್ತಿ ನಿರುಪಯೋಗಿ ಎಂದು ನಾನು ಹೇಳಲಾರೆ. 2019ರ ಹ್ಯಾಲೋವೀನ್‌ನಲ್ಲಿ ಬಂದು ಹೋದ ಶ್ಯಾಡೋ ಡ್ರ್ಯಾಗನ್ನನ್ನು ಇವತ್ತು ಯಾವ ಮೊಟ್ಟೆಯಿಂದಲೂ ಪಡೆಯಲಾಗದು ಎಂಬ ಸಂಗತಿ ಹತ್ತು ವರ್ಷದ ಮಗುವಿಗೆ ಗೊತ್ತಾಗುವುದು ಪಟ್ಟಿಯಿಂದಲೇ. ಆದರೆ ಆ ಪಟ್ಟಿ ಬರೆದವರ ಬಳಿಯೂ ಕೆಲವು ಪ್ರಾಣಿಗಳಿರುತ್ತವೆ. ತಮ್ಮ ಬಳಿ ಇರುವುದರ ಅಂಕ ಏರಿಸುವ ಆಸೆ ಅವರಿಗೆ ಇಲ್ಲದಿರಲು ಕಾರಣವಿಲ್ಲ.

ಒಳಗುಣದ ಬೆಲೆಯೂ ಬಳಕೆ ನೋಡಿ ತಿರುವು ಪಡೆಯುತ್ತದೆ. ದೊಡ್ಡ ಎದುರಾಳಿಯನ್ನು ಗುಂಪಾಗಿ ಮಣಿಸುವ ರೇಡ್‌ಗೆ ಹಂಡೋ ಚೆನ್ನ. 2020ರಲ್ಲಿ ಶುರುವಾದ ಬ್ಯಾಟಲ್ ಲೀಗ್‌ನ ಗ್ರೇಟ್ ಲೀಗ್‌ನಲ್ಲಿ ಮಾತ್ರ ಜೀವಿಯ ಒಟ್ಟು ಬಲ 1,500 ಮೀರುವಂತಿಲ್ಲ. ಆ ಬಲದ ಲೆಕ್ಕದಲ್ಲಿ ದಾಳಿಗೆ ತೂಕ ಹೆಚ್ಚಿರುವುದರಿಂದ, ದಾಳಿ 0, ರಕ್ಷಣೆ 15, ಆಯುಸ್ಸು 15 ಇರುವ ಜೀವಿಯನ್ನು ಮಿತಿಯೊಳಗೆ ಇನ್ನಷ್ಟು ಬೆಳೆಸಬಹುದು. ಅದು ಹೆಚ್ಚು ಹೊತ್ತು ತಾಳುತ್ತದೆ. ಅಲ್ಲಿ ಹಂಡೋಗಿಂತ ಈ ಸೊನ್ನೆಯದ್ದೇ ಮೇಲು. ನೊಗಕ್ಕೆ ಹೇಳಿ ಮಾಡಿಸಿದ ಹೋರಿ ಬೇರೆ, ಓಟಕ್ಕೆ ಹೇಳಿ ಮಾಡಿಸಿದ ಹೋರಿ ಬೇರೆ.

ಇನ್ನು ಸಾಗಣೆಯ ಖರ್ಚು. ಚಿನ್ನದ ಗಣಿಯನ್ನು ಮುಚ್ಚಿಸಿದ್ದು ಇದೇ ಖರ್ಚು, ಈ ಆಟದಲ್ಲೂ ನಿಜವಾದ ಬೆಲೆಯನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಇದೇ. ಗೋ ಆಟಕ್ಕೆ ವಿನಿಮಯ ಬಂದದ್ದು 2018ರ ಜೂನ್‌ನಲ್ಲಿ. ಆಗ ಹಾಕಿದ ನಿಯಮದಂತೆ ಇಬ್ಬರೂ 100 ಮೀಟರ್ ಒಳಗಿರಬೇಕು, ಆಟದಲ್ಲಿ ಸ್ನೇಹಿತರಾಗಿರಬೇಕು, ಸ್ಟಾರ್‌ಡಸ್ಟ್ ಎಂಬ ಆಟದ ಪುಡಿಯನ್ನು ತೆರಬೇಕು. ನಿಮ್ಮ ಸಂಗ್ರಹದ ಪಟ್ಟಿಯಲ್ಲಿ ಇಲ್ಲದ, ಲೆಜೆಂಡರಿ ಎಂಬ ವಿಶೇಷ ಜೀವಿ ಅಥವಾ ಶೈನಿ ಬೇಕೆಂದರೆ, ನಿನ್ನೆ ಸ್ನೇಹವಾದವರ ನಡುವೆ ಅದಕ್ಕೆ 10 ಲಕ್ಷ ಡಸ್ಟ್. ಸಾಧಾರಣ ಜೀವಿಯೊಂದನ್ನು ಹಿಡಿದರೆ ಸಿಗುವುದು 100 ಡಸ್ಟ್. ಅಂದರೆ ಹತ್ತು ಸಾವಿರ ಜೀವಿಗಳನ್ನು ಹಿಡಿದ ದುಡಿಮೆ. ಸ್ನೇಹ ದಿನಕ್ಕೊಂದು ಮೆಟ್ಟಿಲಂತೆ ಏರುತ್ತದೆ: ಉಡುಗೊರೆ ಕಳಿಸಿ, ಜೊತೆಗೆ ರೇಡ್ ಆಡಿ, ಏನಾದರೂ ಕೊಟ್ಟು ಪಡೆದು 90 ದಿನ ಕಳೆದರೆ ಇಬ್ಬರೂ ಬೆಸ್ಟ್ ಫ್ರೆಂಡ್. ಆಗ ಅದೇ ವಿನಿಮಯಕ್ಕೆ 40 ಸಾವಿರ ಸಾಕು, ಇಪ್ಪತ್ತೈದರಲ್ಲಿ ಒಂದು ಪಾಲು. ಜೀವಿ ಒಂದೇ. ಕೊಡುವವರು ಪಡೆಯುವವರು ಎಷ್ಟು ದಿನದಿಂದ ಒಬ್ಬರಿಗೊಬ್ಬರು ಗೊತ್ತು ಎಂಬುದಷ್ಟೇ ಬದಲಾಗಿದೆ.

ದಿನವೂ ಒಂದೇ ಬೋಗಿಯಲ್ಲಿ ಕೂರುವ ಬಂಗಾರಪೇಟೆಯವರಿಗೆ ಇದು ದೊಡ್ಡ ಅನುಕೂಲ. ದೊಡ್ಡ ನಗರದಲ್ಲಿರುವಷ್ಟು, ಆಟದ ಸಾಮಗ್ರಿ ಸಿಗುವ ಪೋಕೆಸ್ಟಾಪ್‌ಗಳು ಸಣ್ಣ ಊರುಗಳಲ್ಲಿ ಇಲ್ಲ ಎಂಬ ಕೊರಗು ಈ ಆಟ ಹುಟ್ಟಿದಾಗಿನಿಂದ ಇದೆ. ಭಾರತಕ್ಕೆ ಆಟ ಅಧಿಕೃತವಾಗಿ ಬಂದದ್ದು 2016ರ ಡಿಸೆಂಬರಿನಲ್ಲಿ, ರಿಲಯನ್ಸ್ ಜಿಯೋ ಜೊತೆಗೂಡಿ. ಅದಕ್ಕೂ ಮೊದಲೇ ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿ ಆಟಗಾರರು ಗುಂಪುಗೂಡುತ್ತಿದ್ದರು. ನಗರದವರ ಈ ಮೇಲುಗೈಯನ್ನು ಊರಿನವರು ಸರಿದೂಗಿಸಬಹುದಾದ ದಾರಿ ಸ್ನೇಹದ್ದು. ನೂರು ಮೀಟರ್ ಒಳಗೆ ನಿತ್ಯ ಸಿಗುವ ನಾಲ್ಕು ಜನ ಗೆಳೆಯರಿದ್ದರೆ, ಕೈಯಲ್ಲಿರುವ ಜೀವಿಗಳ ವಿನಿಮಯ ಬೆಲೆ ತಾನಾಗಿ ಏರಿದಂತೆ.

ಇಲ್ಲೂ ಒಂದು ಸೂಕ್ಷ್ಮವಿದೆ. ವಿನಿಮಯವಾದ ಕೂಡಲೇ ಜೀವಿಯ ಒಳಗುಣಗಳು ಮತ್ತೆ ಹೊಸದಾಗಿ ಬೀಳುತ್ತವೆ. ಆದ್ದರಿಂದ ‘ನನ್ನದು ಹಂಡೋ, ಹೆಚ್ಚು ಕೊಡು’ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ದಾಟಿದ ಮೇಲೆ ಅದು ಹಂಡೋ ಆಗಿ ಉಳಿಯುವ ಖಾತ್ರಿಯಿಲ್ಲ. ಬೆಸ್ಟ್ ಫ್ರೆಂಡ್‌ಗಳ ನಡುವೆ ಪ್ರತಿ ಗುಣವೂ 5ಕ್ಕಿಂತ ಕೆಳಗೆ ಬೀಳದು, ಹೀಗಾಗಿ ಹಂಡೋ ಸಂಭವ 1,331ಕ್ಕೆ ಒಂದು. ವಿನಿಮಯ ಅದೃಷ್ಟವಶಾತ್ ಲಕ್ಕಿ ಎಂಬ ಬಗೆಯದಾದರೆ ಕನಿಷ್ಠ 12. ಸಂಭವ 64ಕ್ಕೆ ಒಂದು, ಬೆಳೆಸುವ ಡಸ್ಟ್ ಖರ್ಚೂ ಅರ್ಧ. ಗ್ರೇಟ್ ಲೀಗ್‌ಗೆ ದಾಳಿ ಕಡಿಮೆ ಇರುವುದು ಬೇಕಾದವರು ಮಾತ್ರ ಹೊಸ ಸ್ನೇಹಿತರನ್ನೇ ಹುಡುಕಬೇಕು, ಅವರ ನಡುವೆ ಕನಿಷ್ಠ ಅಂಕ ಬರೀ 1. ಒಮ್ಮೆ ಕೈ ಬದಲಾದ ಜೀವಿ ಮತ್ತೊಮ್ಮೆ ಬದಲಾಗುವಂತೆಯೂ ಇಲ್ಲ. ಕೊಂಡು ಮಾರುವ ದಲ್ಲಾಳಿಗೆ ಈ ಒಂದು ನಿಯಮ ಬಾಗಿಲು ಹಾಕಿದೆ. ಆಟದ ನಿಯಮಗಳಲ್ಲೆಲ್ಲ ನನಗೆ ತುಂಬ ಹಿಡಿಸಿದ ನಿಯಮ ಇದು.

ಸಾಗಣೆಯ ಮಾತಿಗೆ ಸೇರಿದ್ದೇ ದೇಶಕಾಲದ ಮಾತು. ಟೌರೋಸ್ ಎಂಬ ಗೂಳಿ ಸಾಮಾನ್ಯವಾಗಿ ಉತ್ತರ ಅಮೆರಿಕದಲ್ಲಿ ಮಾತ್ರ ಓಡಾಡುತ್ತದೆ, ಕಾಂಗಸ್ಕಾನ್ ಆಸ್ಟ್ರೇಲಿಯಾದಲ್ಲಿ, ಫಾರ್ಫೆಚ್ಡ್ ಪೂರ್ವ ಏಷ್ಯಾದಲ್ಲಿ. ನಮ್ಮ ಕಡೆ ಸಿಗುವ ಟಾರ್ಕೋಲ್ ಬೆನ್ನ ಮೇಲೆ ಹೊಗೆಯಾಡುವ ಆಮೆ. ಬೆಟ್ಟ ಅಗೆದು ಕಲ್ಲಿದ್ದಲು ಹುಡುಕುವಂಥದ್ದು. ಗಣಿ ಊರಿಗೆ ಇಂಥದೇ ಒದಗಿಬಂದಿರುವುದು ನನಗೆ ಸಂತೋಷದ ಸಂಗತಿ. ಇಲ್ಲಿಯವನಿಗೆ ಟಾರ್ಕೋಲ್ ಬಿಟ್ಟುಬಿಡುವಷ್ಟು ಸಾಮಾನ್ಯ, ಟೆಕ್ಸಸ್‌ನಿಂದ ರಜೆಗೆ ಬಂದ ಚಿಕ್ಕಪ್ಪನ ಮಗನಿಗೆ ಟೌರೋಸ್ ಅಷ್ಟೇ ಸಾಮಾನ್ಯ. ಇಬ್ಬರೂ ಬಂಗಾರಪೇಟೆಯ ಒಂದೇ ಜಗಲಿಯಲ್ಲಿ ಕೂತಾಗ ಎರಡಕ್ಕೂ ಬೆಲೆ ಬರುತ್ತದೆ.

ಹಳೆಯದಕ್ಕೂ ಬೆಲೆಯಿದೆ. ಜೀವಿ ಹಿಡಿದು ಎಷ್ಟು ಕಾಲವಾಯಿತೋ ಅದು ಲಕ್ಕಿ ಆಗುವ ಸಂಭವ ಅಷ್ಟು ಹೆಚ್ಚು. 2016ರ ಜುಲೈ, ಆಗಸ್ಟ್‌ನಲ್ಲಿ ಹಿಡಿದಿದ್ದರೆ ಒಂದು ಮಿತಿಯವರೆಗೆ ಖಂಡಿತ ಲಕ್ಕಿ. ಆಗ ರಾಶಿ ರಾಶಿ ಸಿಗುತ್ತಿದ್ದ, ಯಾರೂ ಲೆಕ್ಕಿಸದ ಪಿಡ್ಜಿ ಹಕ್ಕಿಯನ್ನು ಉಳಿಸಿಕೊಂಡವರ ಬಳಿ ಇವತ್ತು ಒಳ್ಳೆಯ ಬಂಡವಾಳವಿದೆ. ಗಣಿಯಿಂದ ಹೊರಚೆಲ್ಲಿದ ಸೈನೈಡ್ ಗುಡ್ಡಗಳ ಕಥೆಯೂ ಇದಕ್ಕೆ ಹತ್ತಿರ. ಚಿನ್ನ ತೆಗೆದು ಬಿಸಾಕಿದ ಪುಡಿ ಎಂದು ಕಂಡಿದ್ದ 13 ಗುಡ್ಡಗಳ, ಸುಮಾರು 3.3 ಕೋಟಿ ಟನ್ ಪುಡಿಯಿಂದ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಗುಡ್ಡದ ಚಿನ್ನ ಒಂದು ಗುಲಗಂಜಿಯಷ್ಟೂ ಬೆಳೆದಿಲ್ಲ. ಮಾರುಕಟ್ಟೆಯಲ್ಲಿ ಚಿನ್ನದ ಬೆಲೆ ಏರಿತು.

ಆದರೂ ಗುಡ್ಡಕ್ಕೂ ಪಿಡ್ಜಿಗೂ ದೊಡ್ಡ ವ್ಯತ್ಯಾಸವೊಂದಿದೆ, ಬೆಲೆ ಕಟ್ಟುವವರು ಹೆಚ್ಚು ಎಡವುವುದು ಇದರಲ್ಲೇ. ನೆಲದಡಿ ಎಷ್ಟು ಚಿನ್ನವಿದೆ ಎಂಬುದನ್ನು ಯಾವ ಕಂಪನಿಯೂ ತೀರ್ಮಾನಿಸಲಿಲ್ಲ. ಜೀವಿಗಳ ಕೊರತೆಯನ್ನು ಮಾತ್ರ ಕಂಪನಿಯೇ ಮಾಡುತ್ತದೆ, ಬೇಡವೆನಿಸಿದಾಗ ಕಂಪನಿಯೇ ಮುಗಿಸುತ್ತದೆ. 2018ರ ಫೆಬ್ರುವರಿಯ ಕಮ್ಯುನಿಟಿ ಡೇಯಲ್ಲಿ ಡ್ರಾಟಿನಿ ಎಂಬ ಜೀವಿಯ ಶೈನಿ ರೂಪವನ್ನು ಬಿಟ್ಟಾಗ ಮೂರು ಗಂಟೆ ಓಡಾಡಿದವರ ಚೀಲವೆಲ್ಲ ತುಂಬಿಹೋಯಿತು. ಇವತ್ತು ಸಿಗದ ಜೀವಿ ನಾಳೆ ಯಾವುದೋ ಉತ್ಸವದಲ್ಲಿ ರಾಶಿ ಬೀಳಬಹುದು. ಹಾಗಾಗಿ ಯಾವುದೇ ಅಂದಾಜಿಗೂ ಒಂದು ದಿನಾಂಕ ಬೇಕು. ದಿನಾಂಕವಿಲ್ಲದ ಬೆಲೆಪಟ್ಟಿಯನ್ನು ನಂಬಲೇಬಾರದು.

ನಕಲಿನ ಕಾಟವೂ ಜೊತೆಗಿದೆ. ಮೂಲ ಆಟಗಳಲ್ಲಿ ಒಂದು ಜೀವಿಯನ್ನು ಎರಡಾಗಿಸುವ ಲೋಪಗಳು, ಕಂಪ್ಯೂಟರಿನಲ್ಲಿ ಗುಣಗಳನ್ನು ತಿದ್ದಿ ಪೂರ್ಣ ಅಂಕದ ಜೀವಿ ತಯಾರಿಸುವ ಉಪಾಯಗಳು ಹಿಂದಿನಿಂದಲೂ ಇವೆ. ಕೆಟ್ಟ ಚಿನ್ನವನ್ನು ಒರೆಗಲ್ಲು ಹಿಡಿದುಕೊಡುತ್ತದೆ. ನೀಟಾಗಿ ತಿದ್ದಿದ ಜೀವಿಗೂ ಬೆವರು ಸುರಿಸಿ ಪಡೆದದ್ದಕ್ಕೂ ಕಣ್ಣಿಗೆ ವ್ಯತ್ಯಾಸವೇ ಇಲ್ಲ. ತಿದ್ದಿದ ಪೋಕೆಮಾನ್ ಮಾರುತ್ತಿದ್ದ ಒಬ್ಬನನ್ನು ಜಪಾನಿನ ಪೊಲೀಸರು 2024ರಲ್ಲಿ ಬಂಧಿಸಿದ್ದೂ ಉಂಟು.

ಹಣದ ಮಾತಿಗೆ ಬಂದರೆ ನನ್ನ ನಿಲುವು ಖಚಿತ: ಈ ಜೀವಿಗಳಿಗೆ ರೂಪಾಯಿಯಲ್ಲಿ ಬೆಲೆ ಕಟ್ಟಬಾರದು. ಕಟ್ಟಿದವರ ಗತಿ ಏನಾಯಿತೆಂದು ತಿಳಿಯಲು ಆಕ್ಸಿ ಇನ್ಫಿನಿಟಿ ಎಂಬ ಆಟ ಸಾಕು. ವಿಯೆಟ್ನಾಂನ ಸ್ಕೈ ಮಾವಿಸ್ ಕಂಪನಿಯ ಆ ಆಟಕ್ಕೆ ಇಳಿಯಲು 2021ರಲ್ಲಿ ಆಕ್ಸಿ ಎಂಬ ಮೂರು ಜೀವಿಗಳನ್ನು ನಿಜವಾದ ಹಣ ಕೊಟ್ಟು ಕೊಳ್ಳಬೇಕಿತ್ತು. ಫಿಲಿಪ್ಪೀನ್ಸ್‌ನಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಮಂದಿ ಅದನ್ನೇ ದುಡಿಮೆ ಮಾಡಿಕೊಂಡರು. ಆಕ್ಸಿಗಳು ಮರಿ ಹಾಕುತ್ತ ಹೋದವು, ಹೊಸದಾಗಿ ಕೊಳ್ಳುವವರು ಕಡಿಮೆಯಾದರು, ಬೆಲೆ ಕುಸಿಯಿತು. 2022ರ ಮಾರ್ಚ್‌ನಲ್ಲಿ ಅದರ ಜಾಲಕ್ಕೆ ಕನ್ನ ಬಿದ್ದು 60 ಕೋಟಿ ಡಾಲರಿಗೂ ಹೆಚ್ಚು ಹೋಯಿತು. ಭಾರತದಲ್ಲಿ ಅಂಥ ಡಿಜಿಟಲ್ ಆಸ್ತಿಯ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆಯಿದೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಪೋಕೆಮಾನ್ ಗೋದಲ್ಲಂತೂ ಹಣಕ್ಕೆ ಮಾರುವುದು ಕಂಪನಿಯ ಷರತ್ತಿಗೇ ವಿರುದ್ಧ. ಸಿಕ್ಕಿಬಿದ್ದರೆ ಖಾತೆಯೇ ಹೋಗುತ್ತದೆ. ನಮ್ಮದು ಎಂದುಕೊಂಡ ಜೀವಿಗಳ ಮೇಲೆ ನಮಗಿರುವುದು ಬಳಸುವ ಪರವಾನಗಿ ಮಾತ್ರ. 2025ರಲ್ಲಿ, ಈ ಆಟ ನಡೆಸುತ್ತಿದ್ದ ನಿಯಾಂಟಿಕ್ ತನ್ನ ಆಟಗಳ ವಿಭಾಗವನ್ನು 350 ಕೋಟಿ ಡಾಲರಿಗೆ ಸ್ಕೋಪ್ಲಿ ಕಂಪನಿಗೆ ಮಾರಿದಾಗ, ಆಟಗಾರರು ಹಿಡಿದಿಟ್ಟ ಜೀವಿಗಳೆಲ್ಲ ಸರ್ವರ್ ಸಮೇತ ಹೊಸ ಯಜಮಾನನ ಕೈಗೆ ಹೋದವು.

ಹಾಗಾದರೆ ಅಂದಾಜು ಹಾಕುವುದು ಹೇಗೆ? ಇದನ್ನು ಕೊಟ್ಟುಬಿಟ್ಟರೆ ಇಂಥದೇ ಇನ್ನೊಂದನ್ನು ಪಡೆಯಲು ನನಗೆ ಎಷ್ಟು ಹೊತ್ತು, ಎಷ್ಟು ಡಸ್ಟ್ ಬೇಕು ಎಂದು ಮೊದಲು ಕೇಳಿಕೊಳ್ಳಬೇಕು. ಅವನ ಬಳಿಯದನ್ನು ನಾನಾಗಿಯೇ ಪಡೆಯಲು ಎಷ್ಟು ಬೇಕು ಎಂಬುದು ಎರಡನೆಯದು. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಿದ್ದರೆ ನನಗೆ ಲಾಭ. ಅವನೂ ಇದೇ ಲೆಕ್ಕ ಹಾಕಿ ಇದೇ ಉತ್ತರ ಪಡೆದರೆ ವ್ಯಾಪಾರ ನ್ಯಾಯವಾದದ್ದು, ಪಟ್ಟಿ ಏನೇ ಹೇಳಲಿ. ಅವನು ಲೆಕ್ಕ ಹಾಕುವಷ್ಟು ದೊಡ್ಡವನಲ್ಲದಿದ್ದರೆ ಅವನ ಪರವಾಗಿ ನಾವೇ ಹಾಕಿ ಹೇಳಬೇಕು. ಟ್ರೇನಿನಲ್ಲಿ ಪಕ್ಕದ ಸೀಟಿನ ಆರನೇ ಕ್ಲಾಸಿನ ಹುಡುಗ ‘ಅಣ್ಣಾ, ಇದಕ್ಕೆ ಅದು ಕೊಡ್ತೀಯಾ?’ ಎಂದಾಗ ಅವನ ಕೈಯಲ್ಲಿರುವುದು 2016ರ ಜೀವಿ ಎಂದು ತಿಳಿಸುವುದು ದೊಡ್ಡವರ ಹೊಣೆ.

ಆಟದೊಳಗಿನ ವಿನಿಮಯ ಒಂದೇ ಗಳಿಗೆಯಲ್ಲಿ ಎರಡೂ ಕಡೆ ಆಗುವುದರಿಂದ ಅಲ್ಲಿ ಕೈಕೊಡಲು ಬರುವುದಿಲ್ಲ. ಮೋಸ ನಡೆಯುವುದು ‘ಇವತ್ತು ನಿನ್ನದು ಕೊಡು, ನಾಳೆ ನನ್ನದು ಕೊಡುತ್ತೇನೆ’ ಎಂಬ ಮಾತಿನಲ್ಲಿ. ಲೆಜೆಂಡರಿ, ಶೈನಿಯಂಥವಕ್ಕೆ ದಿನಕ್ಕೊಂದೇ ವಿನಿಮಯ ಎಂಬ ಮಿತಿ ಈ ಮಾತಿಗೆ ನೆಪವಾಗುತ್ತದೆ. ಪಾಸ್‌ವರ್ಡ್ ಕೇಳುವವರದೂ, ಮೊದಲು ಯುಪಿಐ ಮಾಡು ಎನ್ನುವವರದೂ ಇದೇ ದಾರಿ. ಎರಡು ಜೀವಿಗಳು ಒಂದೇ ಪರದೆಯ ಮೇಲೆ ಎದುರುಬದುರು ನಿಂತು, ದಾಟಿದ ಮೇಲೆ ಬಲ ಎಷ್ಟರಿಂದ ಎಷ್ಟರವರೆಗೆ ಇರಬಹುದೆಂದು ಆಟವೇ ತೋರಿಸಿದ ಮೇಲೆ, ಒಪ್ಪಿಗೆಯ ಗುಂಡಿ ಒತ್ತುವ ಮುನ್ನ ಅದನ್ನು ಓದಿಕೊಳ್ಳಲು ಅರ್ಧ ನಿಮಿಷ ಸಾಕು.